ಹೊಳೆಯ ಮೇಲಿಂದ ಹಂಪಿ: ಗದಗ, ಹುಬ್ಬಳ್ಳಿ, ಹಾವೇರಿಯಿಂದ ಹೊರಡುವವರಿಗೆ ಹರಿಗೋಲಿನ ದಾರಿ

ನಮ್ಮ ಗದಗ ಕಡೆಯವರಿಗೆ ಹಂಪಿ ಹೊಸದಲ್ಲ. ಶಾಲೆಯ ಪ್ರವಾಸದಲ್ಲಿ ಒಮ್ಮೆ ಹೋಗಿರುತ್ತೇವೆ. ಮದುವೆಯಾದ ಹೊಸದರಲ್ಲಿ ವಿರೂಪಾಕ್ಷನಿಗೆ ಕಾಯಿ ಒಡೆಸಲು ಒಮ್ಮೆ. ಬೆಂಗಳೂರಿನ ನೆಂಟರು ಬಂದರೆ ಮತ್ತೊಮ್ಮೆ. ಪ್ರತಿ ಸಲ ಅದೇ ಸುತ್ತು. ಆಟೋ ಹತ್ತುವುದು, ಸಾಸಿವೆಕಾಳು ಗಣಪ, ಉಗ್ರ ನರಸಿಂಹ, ಕಮಲ ಮಹಲ್, ಕಲ್ಲಿನ ರಥ, ಫೋಟೋ, ವಾಪಸ್. ನಾನೂ ಎಷ್ಟೋ ವರ್ಷ ಹೀಗೇ ನೋಡಿದೆ. ಹೊಳೆ ಮಾತ್ರ ಬೆನ್ನ ಹಿಂದೆಯೇ ಉಳಿದುಬಿಡುತ್ತಿತ್ತು.

ಒಂದು ಸಲ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಆಕೆಗೆ ಮೊಣಕಾಲು ನೋವು. ವಿಠ್ಠಲ ಗುಡಿಯವರೆಗೆ ನಡೆಯಲಾಗದೆ ಕೋದಂಡರಾಮನ ಗುಡಿ ಹತ್ತಿರದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎದುರಿಗೇ ಒಂದು ಹರಿಗೋಲು ನಿಂತಿತ್ತು. "ಇದರಾಗ ಕುಂತು ನೋಡೋಣೇನು?" ಎಂದಳು. ಕೂತೆವು. ನೀರಿನ ನಡುವೆ ಹೋಗಿ ತಿರುಗಿ ನೋಡಿದರೆ ಸ್ನಾನದ ಮೆಟ್ಟಿಲು, ಮಂಟಪ, ಗುಡಿಯ ಬಾಗಿಲು ಎಲ್ಲವೂ ನಮ್ಮ ಕಡೆಗೇ ಮುಖ ಮಾಡಿದ್ದವು. ಅಷ್ಟು ವರ್ಷ ನಾನು ಈ ಊರನ್ನು ಹಿತ್ತಲಿನಿಂದ ನೋಡುತ್ತಿದ್ದೆ ಅನ್ನಿಸಿತು.

ಊರಿನ ಹೆಸರೇ ಹೊಳೆಯ ಹೆಸರು ಅಲ್ವಾ? ತುಂಗಭದ್ರೆಯ ಹಳೆಯ ಹೆಸರು ಪಂಪಾ. ಪಂಪಾ ಎಂಬುದೇ ಹಂಪೆ ಆಯಿತು, ಹಂಪಿ ಆಯಿತು. ನಮಗಂತೂ ಇದು ಬೇರೆಯವರ ಹೊಳೆಯಲ್ಲ. ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದೆಯನ್ನು ಕೂಡಿಸಿಕೊಂಡು, ಮುಂಡರಗಿ ತಾಲ್ಲೂಕಿನ ಹಮ್ಮಿಗಿ ದಾಟಿ ಡ್ಯಾಂ ಸೇರುತ್ತದೆ. ಗದಗ-ಬೆಟಗೇರಿಯ ನಲ್ಲಿಗೆ ಬರುವುದೂ ಇದೇ ನೀರು. ಆಮೇಲಿಂದ ನಾನು ಹಂಪಿಯನ್ನು ಹೊಳೆ ಹಿಡಿದೇ ನೋಡುತ್ತೇನೆ. ನೀವೂ ಹಾಗೆ ನೋಡಬೇಕೆಂದು ಈ ದಾರಿಯನ್ನು ಬರೆಯುತ್ತಿದ್ದೇನೆ.

ಮೊದಲು ನೀರು ಎಷ್ಟಿದೆ ಕೇಳಿ

ರೂಮು, ರೈಲು ಎಲ್ಲಾ ಆಮೇಲೆ. ಮೊದಲು ಹೊಳೆ. ಹಂಪಿಗಿಂತ ಮೇಲೆ, ಹೊಸಪೇಟೆಯ ಹತ್ತಿರ ತುಂಗಭದ್ರಾ ಅಣೆಕಟ್ಟು ಇದೆ. 1953ರಲ್ಲಿ ಮುಗಿದದ್ದು, 33 ಗೇಟುಗಳಿವೆ. ಹಂಪಿಯಲ್ಲಿ ಹರಿಗೋಲು ನಡೆಯುತ್ತದೋ ಇಲ್ಲವೋ ಎಂಬುದನ್ನು ಹಂಪಿಯ ಮೋಡ ನೋಡಿ ಹೇಳಲು ಬರುವುದಿಲ್ಲ. ಮಲೆನಾಡಿನಲ್ಲಿ ಮಳೆ ಸುರಿದರೆ ಡ್ಯಾಂ ತುಂಬುತ್ತದೆ, ಗೇಟು ತೆಗೆಯುತ್ತಾರೆ, ಹಂಪಿಯಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕುತ್ತದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ದಂಡೆಯ ಊರುಗಳೆಲ್ಲ ಉಸಿರು ಬಿಗಿಹಿಡಿದಿದ್ದು ನೆನಪಿರಬಹುದು.

ಮಳೆಗಾಲದಲ್ಲಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಹೊರಹರಿವಿನಲ್ಲಿ ಕಾಲುವೆಗೆ ಬಿಟ್ಟಿದ್ದೂ ಸೇರಿರುತ್ತದೆ. ನಿಮಗೆ ಬೇಕಾದ್ದು "ನದಿಗೆ" ಎಷ್ಟು ಬಿಟ್ಟರು ಎಂಬುದು. ಕ್ರಸ್ಟ್ ಗೇಟು, ಅಂದರೆ ಹೊಳೆಗೆ ನೀರು ಬಿಡುವ ಡ್ಯಾಂನ ಗೇಟು, ತೆಗೆದಿದ್ದಾರೆ ಎಂದು ಓದಿದರೆ ಆ ವಾರ ದೋಣಿಯ ಆಸೆ ಬಿಡಿ. ಹೊಳೆ ಜೋರಾದಾಗ ವಿಠ್ಠಲ ಗುಡಿ ಹತ್ತಿರದ ಪುರಂದರ ಮಂಟಪವೇ ಮುಳುಗಿರುತ್ತದೆ. ಅಂಥ ದಿನ ಯಾರಾದರೂ "ಬರ್ರಿ, ನಾ ದಾಟಸ್ತೀನಿ" ಎಂದರೂ ಹತ್ತಬೇಡಿ. ಒಂದು ಆಗಸ್ಟಿನಲ್ಲಿ ಇದ್ಯಾವುದನ್ನೂ ನೋಡದೆ ಮಕ್ಕಳನ್ನು ಕಟ್ಟಿಕೊಂಡು ಹೋಗಿ, ದಂಡೆಯಲ್ಲಿ ನಿಂತು ಕೆಂಪು ನೀರು ನೋಡಿ ವಾಪಸ್ ಬಂದಿದ್ದೇನೆ. ಮಕ್ಕಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ನನ್ನ ಆಯ್ಕೆ ನವೆಂಬರಿನಿಂದ ಫೆಬ್ರುವರಿ. ನೀರು ತಿಳಿಯಾಗಿರುತ್ತದೆ, ಬಿಸಿಲು ತಡೆಯುವಂತಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಂಡೆ ಕಾದ ಹಂಚಿನಂತಾಗುತ್ತದೆ, ಕೆಲವು ಕಡೆ ಹರಿಗೋಲು ತೇಲಲು ಬೇಕಾದಷ್ಟು ನೀರೂ ಇರುವುದಿಲ್ಲ. ಆಗ ಹೋಗುವುದೇ ಆದರೆ ಬೆಳಗಿನ 9ರೊಳಗೆ ಹೊಳೆ ಕೆಲಸ ಮುಗಿಸಿ.

ಹೋಗುವುದು ಹೇಗೆ

ಹುಬ್ಬಳ್ಳಿಯಿಂದ ಹೊಸಪೇಟೆಗೆ ಸುಮಾರು 145 ಕಿ.ಮೀ. ಅಣ್ಣಿಗೇರಿ, ಗದಗ, ಕೊಪ್ಪಳ, ಮುನಿರಾಬಾದ್ ಮೇಲೆ ರೈಲಿದೆ. ರಸ್ತೆಯೂ ಹೆಚ್ಚು ಕಡಿಮೆ ಅದೇ ದಿಕ್ಕು, ರಾಷ್ಟ್ರೀಯ ಹೆದ್ದಾರಿ 67. ಹಾವೇರಿಯವರು ಹುಬ್ಬಳ್ಳಿಗೆ ಬಂದು ರೈಲು ಹಿಡಿಯುವುದು ಸುಲಭ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸಾದಾ ಮತ್ತು ವೇಗದೂತ ಸರ್ಕಾರಿ ಬಸ್ ಉಚಿತ, ಗುರುತಿನ ಚೀಟಿ ಮರೆಯಬೇಡಿ. ಹೊಸಪೇಟೆಯಿಂದ ಹಂಪಿಗೆ 13 ಕಿ.ಮೀ., ಬಸ್ಸು ಆಗಾಗ ಸಿಗುತ್ತದೆ.

ರೈಲಿನಲ್ಲಿ ಹೋದರೆ ಮುನಿರಾಬಾದ್ ದಾಟಿದ ಕೂಡಲೇ ಕಿಟಕಿಗೆ ಬನ್ನಿ. ರೈಲು ತುಂಗಭದ್ರೆಯನ್ನು ಅಲ್ಲೇ ದಾಟುತ್ತದೆ. ಕೆಳಗೆ ಬಂಡೆಗಳು ಕಂಡು, ನಡುವೆ ನೀರು ಸಣ್ಣಗೆ ಹರಿಯುತ್ತಿದ್ದರೆ ನಾಳೆ ಹರಿಗೋಲು ಸಿಗುವ ಸಾಧ್ಯತೆ ಜಾಸ್ತಿ. ಬಂಡೆಯೇ ಕಾಣದಿದ್ದರೆ ನಿಮ್ಮ ಯೋಜನೆ ಬದಲಿಸಲು ಇನ್ನೂ ಸಮಯವಿದೆ.

ಹಿಂದಿನ ಸಂಜೆಯೇ ಹೋಗಿ ಉಳಿಯಿರಿ. ಹೊಸಪೇಟೆ, ಕಮಲಾಪುರ, ಆನೆಗೊಂದಿ ಎಲ್ಲಾದರೂ ಸರಿ. ಬೆಳಿಗ್ಗೆ ಗದಗದಿಂದ ಹೊರಟು 11ಕ್ಕೆ ಹಂಪಿ ತಲುಪಿದರೆ ಹೊಳೆಯ ಒಳ್ಳೆಯ ಹೊತ್ತೆಲ್ಲ ಮುಗಿದಿರುತ್ತದೆ.

ಹರಿಗೋಲು ಎಂದರೇನು, ಕೂರುವುದು ಹೇಗೆ

ಬಿದಿರು ಹೆಣೆದ ದೊಡ್ಡ ದುಂಡು ಬುಟ್ಟಿ. ಹಿಂದೆ ಹೊರಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮುಂದು ಹಿಂದು ಇಲ್ಲ. ನೀರು ತಳ್ಳಲು ಒಂದೇ ಹುಟ್ಟು. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿಗೆ ಬಂದಿದ್ದ. ಬುಟ್ಟಿಯಂತೆ ದುಂಡಗಿನ, ತೊಗಲು ಹೊದಿಸಿದ ದೋಣಿಗಳಲ್ಲಿ ಜನ ಆನೆಗೊಂದಿ ಕಡೆಗೆ ದಾಟುತ್ತಾರೆ, ಒಂದೊಂದರಲ್ಲಿ 15-20 ಜನ ಹಿಡಿಸುತ್ತಾರೆ, ದೋಣಿ ಗಿರಗಿರ ತಿರುಗುತ್ತಲೇ ಹೋಗುತ್ತದೆ ಎಂದು ಆತ ಬರೆದಿಟ್ಟಿದ್ದಾನೆ. 500 ವರ್ಷ ಕಳೆದಿದೆ. ಅರಮನೆ ಬಿದ್ದಿದೆ, ಪೇಟೆ ಬಿದ್ದಿದೆ. ಹರಿಗೋಲು ಹಾಗೇ ಇದೆ. ನನಗೆ ಹಂಪಿಯಲ್ಲಿ ಇದಕ್ಕಿಂತ ದೊಡ್ಡ ಸ್ಮಾರಕ ಕಾಣುವುದಿಲ್ಲ.

ಉಳಿದಿರುವುದಕ್ಕೆ ಕಾರಣವೂ ಇದೆ. ಈ ಹೊಳೆಯ ತಳದಲ್ಲೆಲ್ಲ ಬಂಡೆ. ಚೂಪು ತಳದ ದೋಣಿ ತಗುಲಿದರೆ ಒಡೆಯುತ್ತದೆ. ಹರಿಗೋಲಿನ ತಳ ಚಪ್ಪಟೆ, ಮೊಣಕಾಲುದ್ದ ನೀರಲ್ಲೂ ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಾಗಿ, ಜಾರಿ ಪಕ್ಕಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಂಬಿಗ ಅದನ್ನು ದಂಡೆಗೆ ಎಳೆದು ಬೋರಲು ಹಾಕುತ್ತಾನೆ. ಹೊಳೆ ದಾಟಿಸುವಾಗ ಗಮನಿಸಿ, ಆತ ನೇರ ಆಚೆ ದಂಡೆಗೆ ಹೋಗುವುದಿಲ್ಲ. ಮೊದಲು ದಂಡೆಯ ಪಕ್ಕದಲ್ಲೇ ಮೇಲಕ್ಕೆ ಹುಟ್ಟು ಹಾಕುತ್ತಾನೆ, ಆಮೇಲೆ ನಡುವಿಗೆ ಬಿಡುತ್ತಾನೆ. ಸೆಳವು ತಾನೇ ಕೆಳಗೆ ತಳ್ಳಿ ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ಹತ್ತುವ ಮುಂಚೆ ಈ ಮಾತುಗಳು ಆಗಿಬಿಡಲಿ. ದುಡ್ಡು ತಲೆಗೆ ಇಷ್ಟೋ, ಹರಿಗೋಲಿಗೆ ಇಷ್ಟೋ? ಎಲ್ಲಿಯವರೆಗೆ? ನಡುವೆ ಇಳಿದು ನೋಡಿದರೆ ಕಾಯುತ್ತಾರಾ, ಅದಕ್ಕೆ ಬೇರೆ ದುಡ್ಡಾ? ವಾಪಸ್ ಸೇರಿದೆಯಾ? ನಾನು ಒಮ್ಮೆ "ಕಾಯುವುದು" ಎಂಬ ಒಂದು ಮಾತು ಕೇಳದೆ ಹೋಗಿ, ಕೊನೆಗೆ ಮಾತಿಗೆ ಮಾತು ಬೆಳೆದು, ಬೆಳಗಿನ ಖುಷಿಯೆಲ್ಲ ಹಾಳಾಯಿತು. ತೀರಾ ಚೌಕಾಸಿಯೂ ಬೇಡ. ವರ್ಷದಲ್ಲಿ ಕೆಲವು ತಿಂಗಳು ನೀರು ಜಾಸ್ತಿಯಾಗಿ ದುಡಿಮೆ ನಿಲ್ಲುತ್ತದೆ, ಕೆಲವು ತಿಂಗಳು ಕಡಿಮೆಯಾಗಿ ನಿಲ್ಲುತ್ತದೆ. ಬಿಸಿಲಲ್ಲಿ ನಿಮ್ಮ ಮನೆಮಂದಿಯನ್ನೆಲ್ಲ ಒಂದು ಹುಟ್ಟಿನ ಮೇಲೆ ದಾಟಿಸುವವರು ಅವರು.

ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳಿ. ಮಕ್ಕಳಿಗೆ ಅಳತೆಯದ್ದೇ ಬೇಕು, ದೊಡ್ಡವರದ್ದನ್ನು ಸುಮ್ನೆ ತೊಡಿಸಿದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಕಳಚಿ ಹೋಗುತ್ತದೆ. ಜಾಕೆಟ್ ಇಲ್ಲವೆಂದರೆ ಬೇರೆ ಹರಿಗೋಲು ನೋಡಿ. ಹತ್ತುವಾಗ ಅಂಚಿನ ಮೇಲೆ ಕಾಲಿಡಬೇಡಿ. ಅಂಬಿಗ ಅಂಚು ಒತ್ತಿ ಹಿಡಿದಿರುತ್ತಾನೆ, ನೀವು ಅವನ ಹೆಗಲು ಹಿಡಿದು ನೇರ ನಡುವಿಗೆ ಕಾಲಿಟ್ಟು ಕೂಡಲೇ ಕೂತುಬಿಡಿ. ಆಮೇಲೆ ಅವನು ಹೇಳಿದಂತೆ ಸುತ್ತ ಸರಿದುಕೊಳ್ಳಿ, ಭಾರ ಸಮನಾಗಬೇಕು. ಸೀರೆ ಉಟ್ಟವರು ನೆರಿಗೆ ಎತ್ತಿ ಕಟ್ಟಿಕೊಂಡರೆ ಒಳ್ಳೆಯದು, ತಳದಲ್ಲಿ ಒಂದಿಷ್ಟು ನೀರು ಇದ್ದೇ ಇರುತ್ತದೆ. ಅವ್ವ ಹೀಗೇ ಹತ್ತಿದ್ದು, ಮೊಣಕಾಲಿಗೆ ಏನೂ ತೊಂದರೆಯಾಗಲಿಲ್ಲ. ಇಳಿಯುವಾಗಲೇ ಹೆಚ್ಚು ಜನ ಜಾರುವುದು. ದಂಡೆಯ ಬಂಡೆಗೆ ಪಾಚಿ ಇರುತ್ತದೆ, ನುಣುಪು ತಳದ ಚಪ್ಪಲಿ ಬೇಡ. ತಲೆ ಸುತ್ತುವವರಿದ್ದರೆ "ತಿರುಗಿಸಬೇಡಿ" ಎಂದು ಮೊದಲೇ ಹೇಳಿ. ಹೇಳದಿದ್ದರೆ ನಿಮ್ಮ ಖುಷಿಗೆಂದು ಬುಗುರಿಯಂತೆ ತಿರುಗಿಸಿಬಿಡುತ್ತಾರೆ.

ಫೋಟೋಕ್ಕೆಂದು ಎದ್ದು ನಿಲ್ಲಬೇಡಿ. ಈಜಲು ಇಳಿಯಲೇಬೇಡಿ. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಬಂಡೆಗಳ ಸಂದಿಗಳಿವೆ, ಸುಳಿಗಳಿವೆ. ಮೊಸಳೆಗಳೂ ಇವೆ.

ಬೆಳಗಿನ ದಾರಿ: ವಿರೂಪಾಕ್ಷನಿಂದ ಚಕ್ರತೀರ್ಥಕ್ಕೆ

ಸೂರ್ಯ ಹುಟ್ಟುವ ಹೊತ್ತಿಗೆ ವಿರೂಪಾಕ್ಷ ಗುಡಿಯ ಉತ್ತರದ ಬಾಗಿಲಿಂದ ಹೊಳೆಗೆ ಇಳಿಯಿರಿ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಸುಮ್ನೆ ಸ್ವಲ್ಪ ಹೊತ್ತು ಕೂರಿ. ಗುಡಿಯ ಆನೆ ಲಕ್ಷ್ಮಿಯನ್ನು ಬೆಳಿಗ್ಗೆ ಇಲ್ಲಿಗೇ ಸ್ನಾನಕ್ಕೆ ಕರೆತರುತ್ತಾರೆ. ಹಿಂದೆ ಒಂಬತ್ತು ಅಂತಸ್ತಿನ ಗೋಪುರಕ್ಕೆ ಮೊದಲ ಬಿಸಿಲು ಬೀಳುತ್ತಿರುತ್ತದೆ.

ಅಲ್ಲಿಂದ ರಥಬೀದಿಯಲ್ಲಿ ಪೂರ್ವಕ್ಕೆ ನಡೆಯಿರಿ. ಕೊನೆಯಲ್ಲಿ ಏಕಶಿಲಾ ನಂದಿ. ಅದಕ್ಕಿಂತ ಮುಂಚೆಯೇ ಎಡಕ್ಕೆ ಹೊಳೆಯ ದಂಡೆ ಹಿಡಿಯುವ ಕಾಲುದಾರಿ ಸಿಗುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಕೋದಂಡರಾಮನ ಗುಡಿ, ಎದುರಿಗೆ ಚಕ್ರತೀರ್ಥ. ಹೊಳೆ ಇಲ್ಲಿ ಉತ್ತರಕ್ಕೆ ತಿರುಗುತ್ತದೆ, ಅದಕ್ಕೇ ಈ ಜಾಗಕ್ಕೆ ಅಷ್ಟು ಪಾವಿತ್ರ್ಯ. ರಾಮ ಸುಗ್ರೀವನಿಗೆ ಪಟ್ಟ ಕಟ್ಟಿದ್ದು ಇಲ್ಲೇ ಎಂದು ಊರವರು ನಂಬುತ್ತಾರೆ. ಗುಡಿಯ ಹಿಂದೆ ಸ್ವಲ್ಪ ಮೇಲೆ ಹತ್ತಿದರೆ ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ಹೇಳುವ ಯಂತ್ರೋದ್ಧಾರಕ ಹನುಮಂತ.

ಸುತ್ತಾಡಿಸುವ ಹರಿಗೋಲು ಸಿಗುವುದು ಈ ಚಕ್ರತೀರ್ಥದಲ್ಲೇ. ನೀವು ಕೇಳಬೇಕಾದ ಜಾಗದ ಹೆಸರು ಕೋಟಿಲಿಂಗ. ಹೊಳೆಯಂಚಿನ ಚಪ್ಪಟೆ ಬಂಡೆಯ ಮೇಲೆ 1008 ಲಿಂಗಗಳ ಒಂದು ಗುಂಪು, 108 ಲಿಂಗಗಳ ಇನ್ನೊಂದು ಗುಂಪು ಕೆತ್ತಿದ್ದಾರೆ. ನಡುವೆ ದೊಡ್ಡ ಲಿಂಗ, ಸುತ್ತ ಮುಷ್ಟಿಯಷ್ಟು ಚಿಕ್ಕವು, ಸಾಲು ಸಾಲು. ಹೊಳೆ ಏರಿದಾಗ ಅವುಗಳಿಗೆ ಹೊಳೆಯದೇ ಅಭಿಷೇಕ. ದಂಡೆಯಿಂದ ಬಂಡೆ ಹತ್ತಿಳಿದು ಹೋಗುವ ದಾರಿ ಕಷ್ಟ, ನೀರಿನ ದಾರಿಯೇ ಸಲೀಸು. ಆಟೋದಲ್ಲಿ ಸುತ್ತಿದವರು ಇದನ್ನು ಯಾವತ್ತೂ ನೋಡಿರುವುದಿಲ್ಲ.

ಇಲ್ಲಿ ಅವಸರ ಮಾಡಬೇಡಿ. ಅಂಬಿಗನಿಗೆ ಹುಟ್ಟು ನಿಲ್ಲಿಸಲು ಹೇಳಿ. ಎರಡೂ ಕಡೆ ಬಂಡೆಯ ಮೇಲೆ ಬಂಡೆ. ಭೂಕಂಪ ಎಸೆದದ್ದಲ್ಲ. ನೆಲದೊಳಗಿನ ಕಣಶಿಲೆ ಬಿಸಿಲು, ಮಳೆಗೆ ಲಕ್ಷಾಂತರ ವರ್ಷ ಸವೆದು, ಬಿರುಕು ಬಿಟ್ಟು, ದುಂಡಗಾಗಿ ಇದ್ದಲ್ಲೇ ನಿಂತದ್ದು. ಬೆಳಿಗ್ಗೆ ಬೇಗ ಹೋದರೆ ನೀರುನಾಯಿಗಳೂ ಕಾಣಬಹುದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿದೆ. ನೀವು ಕೂತಿರುವುದು ಆ ಮೀಸಲಿನ ನಡುವೆ. ಕುರುಕಲು ಚೀಲ, ನೀರಿನ ಬಾಟಲಿ ಒಂದೂ ಹೊಳೆಗೆ ಬೀಳದಿರಲಿ. ಮಕ್ಕಳಿಗೆ ಇದನ್ನು ಹತ್ತುವ ಮುಂಚೆಯೇ ಹೇಳಿ.

ಸ್ವಲ್ಪ ನಡಿಗೆ

ಚಕ್ರತೀರ್ಥದಿಂದ ಪುರಂದರ ಮಂಟಪದವರೆಗೆ ಒಂದೇ ಹರಿಗೋಲಿನಲ್ಲಿ ಹೋಗುವ ಆಸೆ ಇಟ್ಟುಕೊಳ್ಳಬೇಡಿ. ನಡುವೆ ಬಂಡೆಗಳ ಇಕ್ಕಟ್ಟು ಇದೆ. ದಂಡೆಯ ಕಾಲುದಾರಿಯಲ್ಲಿ ಅಚ್ಯುತರಾಯನ ಗುಡಿಯ ಬಯಲು ಬಜಾರು, ಸುಗ್ರೀವನ ಗುಹೆ, ರಾಜರ ತುಲಾಭಾರದ ಕಂಬಗಳನ್ನು ನೋಡುತ್ತ ವಿಠ್ಠಲ ಗುಡಿಗೆ ಹೋಗಿ. ನಡೆಯಲಾಗದವರು ವಾಪಸ್ ಬಂದು ಆಟೋದಲ್ಲಿ ಸುತ್ತಿ ಬರಬಹುದು. ಗುಡಿಯ ವಾಹನ ನಿಲ್ದಾಣದಿಂದ ಬ್ಯಾಟರಿ ಗಾಡಿ ಇದೆ. ವಿಠ್ಠಲ ಗುಡಿಯ ಟಿಕೆಟ್ ಜೋಪಾನ ಮಾಡಿ, ಅದೇ ದಿನ ರಾಣಿವಾಸದ ಆವರಣಕ್ಕೂ ಕಮಲಾಪುರದ ವಸ್ತು ಸಂಗ್ರಹಾಲಯಕ್ಕೂ ಅದೇ ನಡೆಯುತ್ತದೆ.

ಗುಡಿಗೆ ಹೋಗುವ ಮುಂಚೆ ಹೊಳೆಗೆ ಇಳಿದು ಪುರಂದರ ಮಂಟಪದ ಕಟ್ಟೆಯ ಮೇಲೆ ಕೂರಿ. ಪುರಂದರದಾಸರು ಇಲ್ಲಿ ಕೂತು ಹಾಡುತ್ತಿದ್ದರೆಂದು ನಂಬಿಕೆ. ಎದುರಿಗೆ ನೀರಿನಿಂದ ಎದ್ದ ಕಲ್ಲುಕಂಬಗಳ ಸಾಲು ಕಾಣುತ್ತದೆ. ವಿಜಯನಗರದ ಕಾಲದ ಸೇತುವೆಯದು. ಮೇಲಿನ ಹಾಸು ಹೋಗಿದೆ, ಕಂಬ ನಿಂತಿವೆ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಒಯ್ಯುತ್ತೇವೆ. ಮಂಗಗಳಿವೆ, ಚೀಲದ ಬಾಯಿ ಕಟ್ಟಿಕೊಂಡೇ ಕೂರಿ.

ಆಚೆ ದಂಡೆ: ಆನೆಗೊಂದಿ

ವಿಠ್ಠಲ ಗುಡಿಯಿಂದ ಉತ್ತರಕ್ಕೆ ತಳವಾರಘಟ್ಟ. ಹಳೆಯ ಕೋಟೆ ಬಾಗಿಲು ದಾಟಿ ಇಳಿದರೆ ಹೊಳೆ, ಆಚೆಗೆ ಆನೆಗೊಂದಿ. ಪೇಸ್ ಹೇಳಿದ ದಾಟುವಿಕೆ ಈ ಆನೆಗೊಂದಿಯದ್ದೇ. ಇಲ್ಲಿ ಹರಿಗೋಲು ಪ್ರವಾಸಿಗರಿಗೆಂದು ಹುಟ್ಟಿದ್ದಲ್ಲ. ಸಂತೆಗೆ ಹೋಗುವವರು, ಗದ್ದೆ ಕೆಲಸದವರು ದಾಟಿದ ದಾರಿ ಇದು. ನೀರಿನ ಕಾರಣಕ್ಕೆ ದೋಣಿ ನಿಂತಿದ್ದರೆ ಬುಕ್ಕಸಾಗರದ ಸೇತುವೆ ಮೇಲೆ ಗಾಡಿಯಲ್ಲಿ ಹೋಗಬಹುದು.

ಒಂದು ವಿಷಯ ನೆನಪಿರಲಿ. ಹಂಪಿ ವಿಜಯನಗರ ಜಿಲ್ಲೆ, ಆನೆಗೊಂದಿ ಕೊಪ್ಪಳ ಜಿಲ್ಲೆ. ಎರಡು ದಂಡೆಗೆ ಎರಡು ಆಡಳಿತ. ಒಂದು ಕಡೆ ದೋಣಿ ಬಿಟ್ಟಿದ್ದಾರೆಂದರೆ ಇನ್ನೊಂದು ಕಡೆಯೂ ಬಿಟ್ಟಿದ್ದಾರೆಂದು ತಿಳಿಯಬೇಡಿ. ಎರಡೂ ಕಡೆ ಕೇಳಿ.

ಆನೆಗೊಂದಿ ವಿಜಯನಗರಕ್ಕಿಂತ ಹಳೆಯ ಊರು. ಗಗನ ಮಹಲ್, ರಂಗನಾಥನ ಗುಡಿ, ಹುಚ್ಚಪ್ಪಯ್ಯನ ಮಠ ನಡೆದೇ ನೋಡಬಹುದು. ಇಲ್ಲಿನ ಹೆಣ್ಣುಮಕ್ಕಳು ಬಾಳೆ ನಾರಿನಿಂದ ಬುಟ್ಟಿ, ಚೀಲ ಹೆಣೆಯುತ್ತಾರೆ, ಕೊಳ್ಳುವಂತಿವೆ. ಊರ ಬಳಿಯಿಂದ ನವಬೃಂದಾವನಕ್ಕೆ ದೋಣಿ ಇದೆ. ಹೊಳೆ ನಡುವಿನ ನಡುಗಡ್ಡೆ ಅದು. ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು, ನಡುವೆ 1539ರಲ್ಲಿ ತೀರಿಕೊಂಡ ವ್ಯಾಸರಾಯರದ್ದು. ಅಲ್ಲಿ ಪೂಜೆ ನಡೆಯುತ್ತಿರುತ್ತದೆ, ದನಿ ತಗ್ಗಿಸಿ, ಫೋಟೋಕ್ಕೆ ಮುಂಚೆ ಕೇಳಿ. ಇನ್ನೂ ಕಾಲಲ್ಲಿ ಶಕ್ತಿ ಇದ್ದವರು ಸಂಜೆಗೆ ಅಂಜನಾದ್ರಿ ಹತ್ತಲಿ, 575 ಮೆಟ್ಟಿಲು. ಬೆಳಿಗ್ಗೆಯಿಂದ ನೀವು ಬಂದ ಹೊಳೆಯ ತಿರುವುಗಳೆಲ್ಲ ಮೇಲಿಂದ ಕಾಣುತ್ತವೆ.

ಹೊಳೆ ಬಿಡದಿದ್ದ ದಿನ

ಮಳೆಗಾಲದಲ್ಲಿ ಹೊಳೆ ನೋಡುವ ಆಸೆ ಇದ್ದರೆ ಹಾವೇರಿ ಕಡೆ ಹೋಗಿ, ದಂಡೆಯಲ್ಲೇ ನಿಂತು ನೋಡಿ. ಗಳಗನಾಥದಲ್ಲಿ ವರದಾ-ತುಂಗಭದ್ರೆಯ ಸಂಗಮ, ಪಕ್ಕದಲ್ಲೇ ಕೆಳಭಾಗ ಇಳಿಜಾರಾಗಿ ಕಟ್ಟಿದ ಗಳಗೇಶ್ವರ ಗುಡಿ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರ ಗುಡಿ. ಊರಿಗೆ ಹೆಸರು ಬಂದಿದ್ದೇ ಇದೇ ಹೊಳೆಯಲ್ಲಿ ಹುಟ್ಟು ಹಾಕಿದ ಅಂಬಿಗರ ಚೌಡಯ್ಯನಿಂದ.

ಚೀಲದಲ್ಲಿ ಏನಿರಬೇಕು

ಟೋಪಿ, ಕುಡಿಯುವ ನೀರು ಜಾಸ್ತಿ, ಮೊಬೈಲಿಗೆ ನೀರು ಹೋಗದ ಚೀಲ, ಒಂದು ಜೊತೆ ಒಣ ಬಟ್ಟೆ, ಚಿಲ್ಲರೆ ನೋಟು. ದಂಡೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಫೋನಿನಲ್ಲಿ ದುಡ್ಡು ಕಳಿಸಲು ಆಗುವುದಿಲ್ಲ.

ಆನೆಗೊಂದಿಗೆ ದಾಟಿದ ಕೂಡಲೇ ಅಂಬಿಗನಿಗೆ ಕೇಳಬೇಕಾದ ಮಾತು ಒಂದೇ: ಇವತ್ತು ಕೊನೆಯ ಹರಿಗೋಲು ಎಷ್ಟಕ್ಕೆ? ಕತ್ತಲಾದ ಮೇಲೆ ಅವರು ಹುಟ್ಟು ಹಿಡಿಯುವುದಿಲ್ಲ, ಹಿಡಿಯಲೂಬಾರದು. ಅವರು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆಯೇ ದಂಡೆಗೆ ಬನ್ನಿ. ಆ ಅರ್ಧ ಗಂಟೆಯಲ್ಲಿ ಬಂಡೆಗಳೆಲ್ಲ ಕೆಂಪಾಗುತ್ತವೆ, ಆಚೆ ದಂಡೆಯಿಂದ ಖಾಲಿ ಹರಿಗೋಲು ನಿಮ್ಮನ್ನು ಕರೆದೊಯ್ಯಲು ನಿಧಾನಕ್ಕೆ ತಿರುಗುತ್ತಾ ಬರುತ್ತಿರುತ್ತದೆ.